ಹೋತದ ಮುಯ್ಯಿ

ಯುಗಾದಿ ಕಳೆದು ಬಿಸಿಲು ನೆತ್ತಿ ಸುಡತೊಡಗಿತೆಂದರೆ ಯಲಬುರ್ಗಿಯ ಓಣಿಗಳಲ್ಲಿ ಶಾವಿಗೆಯ ಕೆಲಸ ಶುರು. ಇವತ್ತು ಇವರ ಮನೆ, ನಾಳೆ ಅವರ ಮನೆ. ಕೂಲಿಯ ಮಾತಿಲ್ಲ, ಬಂದವರ ಮನೆಗೆ ಹೋಗಿ ಅಷ್ಟೇ ದುಡಿದು ಮುಯ್ಯಿ ತೀರಿಸಬೇಕು. ಅಂದು ಭೀಮಕ್ಕನ ಸರದಿ. ಪಡಸಾಲೆಯಲ್ಲಿ ಇಳಿಜಾರಾಗಿ ಇಟ್ಟ ಗೀರುಗೀರಿನ ಮಣೆಯ ಮೇಲೆ, ನಿಜಾಮ ಸರ್ಕಾರದ ಜವಾನ ಶಬ್ಬೀರಸಾಬನ ಹೆಂಡತಿ, ನೆರೆಮನೆಯ ದಾವಲಬೀ ಕುದುರೆ ಏರಿದಂತೆ ಕೂತಿದ್ದಳು. ಹಿಟ್ಟು ತಿಕ್ಕಿ ತಿಕ್ಕಿ ಕೂದಲಿನಷ್ಟು ಸಣ್ಣ ಎಳೆ ಬಿಡುತ್ತಿದ್ದಳು. ಕೆಳಗೆ ಕೂತ ಭೀಮಕ್ಕ ಅವನ್ನು ಕೋಲಿಗೆ ಇಳಿಬಿಟ್ಟುಕೊಳ್ಳುತ್ತಿದ್ದಳು.

ಭೀಮಕ್ಕನ ಮಗಳು ಪಕ್ಕೀರವ್ವನಿಗೆ ತನ್ನ ಎಂಟು ವರ್ಷದ ಜೀವಮಾನದಲ್ಲಿ ಇದ್ದದ್ದು ಒಂದೇ ಆಸೆ, ಆ ಕುದುರೆ ಏರುವುದು.

“ಯವ್ವಾ, ನಾನೂ ಮಣಿ ಏರತೀನಿ.”

“ಮೊದಲ ಅಂಗಳದಾಗ ಶ್ಯಾವಿಗಿ ಕಾಯಿ. ಒಂದೆಳಿ ಹೋಗದಂಗ ಕಾದ್ರ ಸಂಜೀಕ ಏರಸ್ತೀನಿ.”

ಅಂಗಳದಲ್ಲಿ ಹಾಕಿದ ಹಗ್ಗದ ಮಂಚ, ಹೊರಸಿನ ಮೇಲೆ ಶಾವಿಗೆಯ ಕೋಲುಗಳು ಒಣಗುತ್ತಿದ್ದವು. ಕಾಗೆಗಳು ಅಟ್ಟಿದರೆ ಹೋದವು. ದಾವಲಬೀಯ ಹೋತ ಮಾತ್ರ ಅಟ್ಟಿದಷ್ಟೂ ತಿರುಗಿ ಬಂತು. ಓಡಿ ಓಡಿ ಸಾಕಾದ ಪಕ್ಕೀರವ್ವ, ಕಳ್ಳನನ್ನೇ ಹಿಡಿದು ಕಟ್ಟಿದರೆ ಕಾಯುವುದೇನು ಬಂತು ಎಂದುಕೊಂಡಳು. ಜಡೆಯ ಲಾಡಿ ಬಿಚ್ಚಿ ಹತ್ತಿರ ಸಿಕ್ಕಿದ್ದಕ್ಕೆ ಹೋತವನ್ನು ಬಿಗಿದಳು. ಹತ್ತಿರ ಸಿಕ್ಕಿದ್ದು ಹೊರಸಿನ ಕಾಲು. ಆಮೇಲೆ ನೆಮ್ಮದಿಯಿಂದ ಮಣೆ ನೋಡಲು ಒಳಗೆ ಹೋದಳು.

ತುಸು ಹೊತ್ತಿಗೆ ಹೋತವೂ ಒಳಗೆ ಬಂತು. ಕೊರಳಲ್ಲಿ ಹರಿದ ಲಾಡಿ. ಕೊಂಬುಗಳಿಂದ ಶಾವಿಗೆ ಇಳಿಬಿದ್ದು ಮುಖವೆಲ್ಲ ಮುಚ್ಚಿತ್ತು. ಬಾಯಿ ಮಾತ್ರ ಆಡುತ್ತಿತ್ತು.

ದಾವಲಬೀ ಮಣೆಯಿಂದ ಜಾರುವಷ್ಟು ನಕ್ಕಳು. “ಅಯ್ಯ ಅಲ್ಲಾ! ನೋಡಬೇ ಭೀಮಕ್ಕ, ನಮ್ಮ ಹೋತ ಮಾರಿ ಮ್ಯಾಲ ಹೂವಿನ ಸೆಹರಾ ಕಟ್ಗೊಂಡು ನಿಕಾಕ್ಕ ಹೊಂಟೈತಿ!”

“ನಗು, ನಗು! ನಿನ್ನ ಮದುಮಗ ನಮ್ಮ ಅರ್ಧ ಶ್ಯಾವಿಗಿ ಉಂಡಾನ. ನಾಳಿ ನಾ ನಿಮ್ಮನಿಗಿ ಬರಂಗಿಲ್ಲ, ಹೋಗು.”

“ಅಂವನ್ನ ಊಟಕ್ಕ ಕಟ್ಟಿದಾಕಿ ನಿನ್ನ ಮಗಳು! ನಿನ್ನ ಬದಲಿ ಇಕೀನ್ನ ಕಳಸು. ಇಕೀನ ಮಣಿ ಏರಿ ಮುಯ್ಯಿ ತೀರಸಲಿ.”

ಶಿಕ್ಷೆ ಕೇಳಿ ಪಕ್ಕೀರವ್ವ ಅಳಲು ಭಾಳ ಪ್ರಯತ್ನಪಟ್ಟಳು. ನಗು ಬಂದುಬಿಟ್ಟಿತು.

ಮರುದಿನ ದಾವಲಬೀಯ ಮನೆಯಲ್ಲಿ ಮಣೆ ಏರಿದವಳೇ ಹಿಮ್ಮಡಿಯಿಂದ ಒದ್ದು, ನಾಲಿಗೆ ಲೊಚಗುಟ್ಟಿಸಿ ಕುದುರೆ ಹೊಡೆದಳು. ಹಿಟ್ಟು ತಿಕ್ಕುವುದು ನಡುನಡುವೆ ನೆನಪಾಗುತ್ತಿತ್ತು. ಎಳೆಗಳು ಕಿರುಬೆರಳಿನಷ್ಟು ದಪ್ಪ ಇಳಿದವು.

“ಪಕ್ಕೀರೀ, ಇದು ಶ್ಯಾವಿಗಿ ಅಲ್ಲ, ಹೋತ ಕಟ್ಟೋ ಹಗ್ಗ,” ಎಂದಳು ದಾವಲಬೀ. “ಒಯ್ದು ಅಂವಗ ಹಾಕು. ತಿಂದ್ರ ನಿನ್ನ ಮುಯ್ಯಿ ತೀರಿತು, ಮನಿಗಿ ನಡಿ.”

ಪಕ್ಕೀರವ್ವ ಉಡಿ ತುಂಬ ಒಯ್ದು ಅದರ ಮುಂದೆ ಸುರಿದಳು. ಹೋತ ಮೂಸಿತು. ಒಮ್ಮೆ ಸೀನಿತು. ಆಮೇಲೆ ಆ ಕಡೆ ತಿರುಗಿ, ಗೋಡೆಗೆ ಒರಗಿಸಿದ್ದ ಹಳೆಯ ಕಸಬರಿಗೆಯನ್ನು ಜಗಿಯತೊಡಗಿತು.

“ಚಿಗವ್ವಾ, ಒಲ್ಲೆ ಅಂತೈತಿ! ಮುಯ್ಯಿ ತೀರಿಲ್ಲ!” ಎಂದು ಕೂಗುತ್ತ ಪಕ್ಕೀರವ್ವ ಮತ್ತೆ ಮಣೆಯತ್ತ ಓಡಿದಳು.