ಸಲಹೆಗಾರರು ಹೇಳಿದ ತಾರೀಖು

"ಈ ತಾರೀಖು ನೀವ ಹೇಳಿದ್ದರಿ, ಅಣ್ಣಾರ," ಎನ್ನುತ್ತ ಪಕ್ಕದ ಮನೆಯ ಮಾಸುಮಬಿ ಮಗನ ಮದುವೆ ಪತ್ರಿಕೆಯನ್ನು ಸಿದ್ದಲಿಂಗಪ್ಪನವರ ಮುಂದಿಟ್ಟಳು. ಮೆಣಸಿನಕಾಯಿ ತೊಟ್ಟು ಬಿಡಿಸಿ ಬಂದಿದ್ದವಳ ಕೈಯ ಘಾಟಿಗೆ ಅವರಿಗೆ ಸೀನು ಬಂತು.

ಹೇಳಿದ್ದು ಹೌದು. ದೆಹಲಿಯಲ್ಲಿ ರಾಷ್ಟ್ರೀಯ ಭದ್ರತಾ ಸಲಹೆಗಾರರಾಗಿದ್ದು, ಏಳು ಬೀಗದೊಳಗಿನ ಗುಟ್ಟುಗಳನ್ನು ಎದೆಯಲ್ಲಿಟ್ಟುಕೊಂಡೇ ನಿವೃತ್ತರಾಗಿ ಮೋಟೆಬೆನ್ನೂರಿಗೆ ಬಂದವರು, ಈಗ ಸಂಜೆಯಾದರೆ ಟೀವಿಯಲ್ಲಿ ರಾಜಕೀಯ ವಿಶ್ಲೇಷಣೆ ಮಾಡುತ್ತಿದ್ದರು. ಊರವರಿಗೆ ಅವರ ಮಾತೆಂದರೆ ಇನ್ನೂ ಸರ್ಕಾರದ ಮಾತೇ. "ಒಂದು ತಿಂಗಳಲ್ಲಿ ಗಡಿ ಶಾಂತವಾಗುತ್ತದೆ" ಎಂದು ಅವರು ಅಂದದ್ದೇ ತಡ, ಮಾಸುಮಬಿ ಬ್ಯಾಡಗಿಯ ಬೀಗರನ್ನು ಕಂಡು, ಬೆರಳು ಮಡಚಿ ಎಣಿಸಿ, ಮೂವತ್ತೈದನೆಯ ದಿನಕ್ಕೆ ಮದುವೆ ಗೊತ್ತು ಮಾಡಿದ್ದಳು. ಈಗ ಗಡಿಯಲ್ಲಿ ಸೈನಿಕನಾಗಿದ್ದ ಮಗ ಅಶ್ಫಾಕನ ರಜೆಯೇ ರದ್ದಾಗಿತ್ತು.

"ಬೈಯಾಕ ಬಂದಿಲ್ಲರಿ. ಹೊಸಾ ತಾರೀಖು ಕೇಳಾಕ ಬಂದೇನಿ. ಇದೂ ತಪ್ಪಿದ್ರ ಶಬನಮ್‌ನ ಬ್ಯಾರೆ ಕಡೆ ಕೊಡ್ತೇವಿ ಅಂತಾರ ಬೀಗರು."

"ಅದು ನನಗ ಹೆಂಗ ಗೊತ್ತಾಗಬೇಕವಾ?"

"ಅವತ್ತ ಹೆಂಗ ಗೊತ್ತಾಗಿತ್ತರಿ?"

ಮಾತಿನಲ್ಲಿ ಕೊಂಕಿರಲಿಲ್ಲ. ಅವಳಿಗೆ ನಿಜಕ್ಕೂ ತಿಳಿಯಬೇಕಿತ್ತು. ಸಿದ್ದಲಿಂಗಪ್ಪನವರಿಗೂ ಈಗ ಅದೇ ಕುತೂಹಲ ಹುಟ್ಟಿತು. ದೆಹಲಿಯಲ್ಲಿ ರಾಶಿ ಕಡತ ಓದಿಯೂ "ಗೊತ್ತಿಲ್ಲ, ವಿಚಾರಿಸಿ ಹೇಳುತ್ತೇನೆ" ಎಂದೇ ಎದ್ದು ಬರುತ್ತಿದ್ದರು. ಆ ಮಾತಿಗೆ ಅಲ್ಲಿ ಬೆಲೆಯಿತ್ತು. ಟೀವಿಯವರು ಕೊಡುತ್ತಿದ್ದುದು ನಲವತ್ತು ಸೆಕೆಂಡು. ಅಷ್ಟರಲ್ಲಿ ಸಲೀಸಾಗಿ ಬಾಯಿಗೆ ಬಂದದ್ದು ಒಂದು ತಿಂಗಳು.

ಏಳು ಹೊಡೆಯಿತು. ಹೆಂಡತಿ ಸುಶೀಲವ್ವ ಟೀವಿಯವರ ವೀಡಿಯೋ ಕರೆ ಬಂದಿದ್ದ ಫೋನನ್ನು ಗಂಡನ ಮುಂದೆ ಪುಸ್ತಕಗಳಿಗೆ ಆನಿಸಿಟ್ಟು, ಎದುರಿನ ಟೀವಿಯ ದನಿ ಅಡಗಿಸಿ, "ಅಲ್ಲೇ ಕುಂದ್ರ ಮಾಸುಮಾ. ಕೆಮ್ಮಿದಿ ಅಂದ್ರ ದೇಶಕ್ಕೆಲ್ಲಾ ಕೇಳಸತೈತಿ ನೋಡು," ಎಂದರು.

"ಸರ್, ಗಡಿಯಲ್ಲಿ ಮುಂದೇನು? ಒಂದೇ ಮಾತಿನಲ್ಲಿ ಹೇಳಿ," ಎಂದಳು ನಿರೂಪಕಿ.

ಅವರು ಫೋನಿನಾಚೆ ಕೂತಿದ್ದ ಮಾಸುಮಬಿಯನ್ನು ನೋಡಿದರು.

"ನನಗೆ ಗೊತ್ತಿಲ್ಲ," ಎಂದರು. "ಹೋದ ತಿಂಗಳೂ ಗೊತ್ತಿರಲಿಲ್ಲ."

ನಿರೂಪಕಿ ಇನ್ನೊಬ್ಬ ತಜ್ಞನತ್ತ ಹೊರಳಿದಳು. ಆತ ಹದಿನೈದೇ ದಿನ ಎಂದ.

ಅಷ್ಟರಲ್ಲಿ ಮಾಸುಮಬಿಯ ಮೊಬೈಲು ಗುಂಯ್‌ಗುಟ್ಟಿತು. ಶಬನಮ್‌ಳ ಅಪ್ಪ ಖಲಂದರಸಾಬ. ಟೀವಿ ನೋಡಿರಬೇಕು. ಅವಳು ಎತ್ತಲಿಲ್ಲ, ಎದ್ದು ಬಂದು ಅದನ್ನು ಅವರತ್ತ ಚಾಚಿದಳು.

"ನೀವ ಮಾತಾಡ್ರಿ, ಅಣ್ಣಾರ. ಈಗ ಹೇಳಿದ್ದನ್ನ ಅವರಿಗೂ ಹೇಳ್ರಿ."

ಸಿದ್ದಲಿಂಗಪ್ಪನವರು ಮೊಬೈಲು ತೆಗೆದುಕೊಂಡರು. ಒಂದೆರಡು ಸೆಕೆಂಡು ತಡವಾಗಿ, ಎದುರಿನ ಟೀವಿಯ ಮೂಲೆಯಲ್ಲಿ ಇನ್ನೂ ಅವರನ್ನೇ ತೋರಿಸುತ್ತಿದ್ದ ಪುಟ್ಟ ಚೌಕದೊಳಗೆ, ದನಿಯಿಲ್ಲದ ಮುದುಕನೊಬ್ಬ ಕಾಣದ ಯಾರದೋ ಎದುರು ಕೈ ನೀಡಿದ.