ನಾಲ್ಕು ಕಿಲೋ ಗುಟ್ಟು

ಊರಿನ ತಕ್ಕಡಿಗಳೆಲ್ಲ ತೂಕದ ಸಾಹೇಬರಿಗೆ ಹೆದರುತ್ತಿದ್ದವು. ಅವರು ತೂಕ ಮತ್ತು ಅಳತೆಯ ಇಲಾಖೆಯ ಇನ್‌ಸ್ಪೆಕ್ಟರು. ಚರ್ಮದ ಪೆಟ್ಟಿಗೆಯಲ್ಲಿ ಹಿತ್ತಾಳೆಯ ತೂಕದ ಬಟ್ಟುಗಳನ್ನು ಮಕ್ಕಳಂತೆ ಮಲಗಿಸಿಕೊಂಡು ಅವರು ಬೀದಿಗೆ ಬಂದರೆ ಸಾಕು, ಅಂಗಡಿಯವರು ತಟ್ಟೆ ಒರೆಸಿ, ಮುಳ್ಳು ನೆಟ್ಟಗೆ ಮಾಡಿ, ಮುಖದ ಮೇಲೊಂದು ನಗೆ ತಂದುಕೊಳ್ಳುತ್ತಿದ್ದರು. ಸರಿಯಿದ್ದ ಯಂತ್ರಕ್ಕೆ ಸೀಸದ ಮುದ್ರೆ ಬೀಳುತ್ತಿತ್ತು, ಇಲ್ಲದಿದ್ದರೆ ಯಂತ್ರವೇ ಕಚೇರಿಗೆ ಹೋಗುತ್ತಿತ್ತು. ಐವತ್ತು ಗ್ರಾಂ ಕಡಿಮೆ ತೂಗಿದ್ದಕ್ಕೆ ಮೂಲೆಯ ದಿನಸಿ ಅಂಗಡಿಯವನ ತಕ್ಕಡಿ ಎಂಟು ದಿನ ಕಚೇರಿಯ ಕಪಾಟಿನಲ್ಲಿ ಸೆರೆವಾಸ ಅನುಭವಿಸಿ ಬಂದಿತ್ತು.

ಇಂಥವರ ಮನೆಯಲ್ಲೇ, ಬಚ್ಚಲುಮನೆಯ ಬಾಗಿಲ ಹಿಂದೆ, ಒಂದು ಸುಳ್ಳು ತೂಕದ ಯಂತ್ರವಿತ್ತು.

ಹದಿನೆಂಟು ವರ್ಷದ ಹಿಂದಿನ ಮಾತು. ಎರಡನೆಯ ಹೆರಿಗೆಯ ನಂತರ ಅವರ ಹೆಂಡತಿ ಒಂದು ಬೆಳಿಗ್ಗೆ ಯಂತ್ರದ ಮೇಲೆ ನಿಂತು, ಕೆಳಗೆ ನೋಡಿ, ಇಳಿದು, ಟವೆಲ್ಲಿನಿಂದ ಕಣ್ಣೊರೆಸಿಕೊಂಡಿದ್ದಳು. ಸಾಹೇಬರಿಗೆ ಅದನ್ನು ನೋಡಲಾಗಲಿಲ್ಲ. ಅವಳು ಕೆಲಸಕ್ಕೆ ಹೋದ ಮೇಲೆ ಯಂತ್ರವನ್ನು ಬೋರಲು ಹಾಕಿ, ಒಳಗಿನ ಸ್ಪ್ರಿಂಗನ್ನು ಎಷ್ಟು ಬೇಕೋ ಅಷ್ಟೇ ಬಿಗಿ ಮಾಡಿದರು. ಖಾಲಿಯಿದ್ದಾಗ ಮುಳ್ಳು ಸೊನ್ನೆಯ ಮೇಲೆ ಸಾಧುವಿನಂತೆ ಕೂತಿರುತ್ತಿತ್ತು. ಮನುಷ್ಯರು ಹತ್ತಿದರೆ ಮಾತ್ರ ಹೆಚ್ಚುಕಮ್ಮಿ ನಾಲ್ಕು ಕಿಲೋ ನುಂಗುತ್ತಿತ್ತು. ಮಾರನೆಯ ದಿನ ಅವಳು ಹಾಡು ಗುನುಗುತ್ತ ಬಚ್ಚಲಿನಿಂದ ಹೊರಗೆ ಬಂದಳು. ಅಂದಿನಿಂದ ಸಾಹೇಬರು ಬೆಳಿಗ್ಗೆ ಕೈಮುಗಿದು ನಿಂತಾಗಲೆಲ್ಲ ದೇವರಿಗೆ ಇದೊಂದನ್ನು ತಪ್ಪದೆ ಒಪ್ಪಿಸುತ್ತಿದ್ದರು: ಊರಿನವರ ಗ್ರಾಂ ಹಿಡಿಯುವವನು ಮನೆಯಲ್ಲಿ ಕಿಲೋ ಬಿಟ್ಟಿದ್ದೇನೆ, ನಿನ್ನ ತಕ್ಕಡಿಯಲ್ಲಿ ಇದು ಹೇಗೆ ತೂಗುತ್ತದೋ ನೀನೇ ಬಲ್ಲೆ.

ಹೆಂಡತಿಯನ್ನು ಊರು ಮೈಕಿನಕ್ಕ ಎಂದು ಕರೆಯುತ್ತಿತ್ತು. ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂತು, ಯಾವ ಬಸ್ಸು ಎಲ್ಲಿಗೆ, ಎಷ್ಟು ಹೊತ್ತಿಗೆ ಎಂದು ಮೈಕಿನಲ್ಲಿ ಹೇಳುವುದು ಅವಳ ಕೆಲಸ. ಇಪ್ಪತ್ತಾರು ವರ್ಷ ಕಂಡಕಂಡವರನ್ನೆಲ್ಲ ಹೊರಡಿಸಿ, ತಾನು ಕೂತಲ್ಲೇ ಕೂತಿದ್ದಳು. ಹಾಗಾಗಿ ಗುಡ್ಡದ ಮೇಲೆ ಬಟ್ಟೆಯ ರೆಕ್ಕೆಯಲ್ಲಿ ತೇಲುವ ಪ್ಯಾರಾಗ್ಲೈಡಿಂಗ್ ಕಲಿಸುವ ಗಾಳಿ ಮೇಷ್ಟ್ರು, ವರ್ಷವೆಲ್ಲ ಬಿಸಿಲೇ ಇರುವ ದೂರದ ಸಮುದ್ರದ ದೇಶವೊಂದಕ್ಕೆ ಎಂಟು ಜನರನ್ನು ಹಾರಿಸಲು ಕರೆದೊಯ್ಯುತ್ತಾರೆ ಎಂಬ ಕಾಗದ ನಿಲ್ದಾಣದ ಗೋಡೆಗೆ ಅಂಟಿದ ದಿನವೇ ಅವಳು ಅದನ್ನು ಕಿತ್ತು ಮನೆಗೆ ತಂದಳು. ಬೇರೆಯವರು ನೋಡಿದರೆ ಜಾಗ ತುಂಬಿಬಿಡುತ್ತದೆಂದು.

“ಈ ಸಲ ನಾನು ಹೊರಡ್ತೀನಿ ರೀ,” ಎಂದಳು. “ನೀವು ಬಂದ್ರೂ ಸರಿ, ಬರದಿದ್ರೂ ಸರಿ. ಬಂದ್ರೆ ಸ್ವಲ್ಪ ಹೆಚ್ಚು ಸರಿ.”

ಸಾಹೇಬರು ಸ್ಟೂಲು ಹತ್ತಿ ಬಲ್ಬು ಬದಲಿಸಲೂ ಯೋಚಿಸುವವರು. ಆದರೂ ಒಪ್ಪಿದರು. ಆಮೇಲೆ ಊಟದ ಮೇಜಿನ ತುಂಬ ಆ ದೇಶವೇ. ಸೊಳ್ಳೆಗೆ ಯಾವ ಮುಲಾಮು, ಸೆಖೆಗೆ ಎಂಥ ಬಟ್ಟೆ, ಹಾರುವಾಗ ಚಪ್ಪಲಿ ಬಿದ್ದರೆ ಯಾರ ತಲೆಯ ಮೇಲೆ ಬೀಳುತ್ತದೆ ಎಂಬುದೆಲ್ಲ ಚರ್ಚೆಯಾಯಿತು. ನಂತರ ಬಂತು ಅರ್ಜಿ. ಅದರಲ್ಲಿ ಒಂದು ಸಾಲಿತ್ತು: ತೂಕ. ಕೆಳಗೆ ಕೆಂಪು ಅಕ್ಷರದಲ್ಲಿ, ಹಾರಿಸುವವರ ಜೊತೆ ಜೋಡಿಯಾಗಿ ಹಾರುವವರು ಒಬ್ಬೊಬ್ಬರೂ ಎಂಬತ್ತೈದು ಕಿಲೋ ಮೀರುವಂತಿಲ್ಲ. ಅಲ್ಲಿನ ಗಾಳಿ ಬಿಸಿ, ತೆಳು, ಎತ್ತುವ ಶಕ್ತಿ ಕಡಿಮೆ. ಪ್ರತಿಯೊಬ್ಬರ ತೂಕ ನೋಡಿಯೇ ರೆಕ್ಕೆ ಆರಿಸುತ್ತಾರಂತೆ.

ಸಾಹೇಬರು ಬಚ್ಚಲಿಗೆ ಹೋಗಿ ಬಂದು, ತಮ್ಮ ಅರ್ಜಿಯಲ್ಲಿ ಎಂಬತ್ತೆರಡು ಎಂದು ನಿರಾಳವಾಗಿ ಬರೆದರು. ಅವಳು ತನ್ನದನ್ನು ಕೈ ಮರೆಮಾಡಿ ಬರೆದು ಲಕೋಟೆಗೆ ಅಂಟು ಹಾಕಿದಳು. ಅವರಿಗೆ ಗೊತ್ತಿತ್ತು: ಯಂತ್ರ ಅವಳಿಗೆ ಎಪ್ಪತ್ತೊಂಬತ್ತು ತೋರಿಸುತ್ತದೆ, ನಿಜ ಎಂಬತ್ತಮೂರು. ಈ ನಾಲ್ಕು ಕಿಲೋ ಇಷ್ಟು ದಿನ ಬಚ್ಚಲಿನಲ್ಲಿತ್ತು, ಇನ್ನು ಆಕಾಶಕ್ಕೆ ಹೋಗುತ್ತದೆ. ರೆಕ್ಕೆ ಚಿಕ್ಕದಾದರೆ?

ಎರಡು ದಿನ ಅನ್ನ ರುಚಿಸಲಿಲ್ಲ. ಮೂರನೆಯ ದಿನ ಗುಡ್ಡದ ಬುಡದಲ್ಲಿದ್ದ ಗಾಳಿ ಮೇಷ್ಟ್ರ ತಗಡಿನ ಶೆಡ್ಡಿಗೆ ಹೋದರು. ಮೇಷ್ಟ್ರು ಒಣಕಲು ಆಸಾಮಿ, ಫ್ಯಾನು ಜೋರಾಗಿ ತಿರುಗಿದರೆ ಅವರೇ ಹಾರಿಯಾರು ಎನ್ನುವ ಹಾಗಿದ್ದರು. ಸಾಹೇಬರು ಆಚೀಚೆ ನೋಡಿ, ನಮ್ಮ ಮನೆಯವಳು ಏನೇ ಬರೆದಿರಲಿ, ಅದಕ್ಕೆ ನಾಲ್ಕು ಕಿಲೋ ಸೇರಿಸಿಕೊಳ್ಳಿ, ಯಾಕೆ ಅಂತ ಕೇಳಬೇಡಿ, ಅವಳ ಕಿವಿಗೆ ಹಾಕಬೇಡಿ ಎಂದು ಬೇಡಿಕೊಂಡರು. ಮೇಷ್ಟ್ರು ಅವಳ ಲಕೋಟೆಯ ಮೇಲೆ ಪೆನ್ಸಿಲಿನಲ್ಲಿ ನಾಲ್ಕು ಎಂದು ಬರೆದಿಟ್ಟರು. ಸಾಹೇಬರು ಹಗುರಾಗಿ ಮನೆಗೆ ಬಂದು ಎರಡು ಹೊತ್ತಿನದನ್ನು ಒಂದೇ ಹೊತ್ತಿಗೆ ಉಂಡರು.

ಭಾನುವಾರ ಅದೇ ಮೂಲೆಯ ದಿನಸಿ ಅಂಗಡಿಯ ಮೇಲಿನ ಕೋಣೆಯಲ್ಲಿ ಸಭೆ ಸೇರಿತು. ಅಂಗಡಿಯವನೂ ಹಾರುವವರಲ್ಲಿ ಒಬ್ಬ. ಮೇಷ್ಟ್ರು ಗೋಡೆಗೆ ನಕ್ಷೆ ತೂಗುಹಾಕಿ, ಬೆಟ್ಟ ಎಲ್ಲಿ, ಸಮುದ್ರ ಎಲ್ಲಿ, ಓಡುವುದು ಎಲ್ಲಿಂದ, ಕಾಲು ಮಡಚುವುದು ಯಾವಾಗ ಎಂದು ವಿವರಿಸಿ, ಒಂದೊಂದೇ ಲಕೋಟೆ ಒಡೆದರು. ಅಂಗಡಿಯವನು ಎಪ್ಪತ್ತಾರು, ರೆಕ್ಕೆ ಉಂಟು. ಸಾಹೇಬರು ಎಂಬತ್ತೆರಡು, ರೆಕ್ಕೆ ಉಂಟು. ಕೊನೆಗೆ ಮೈಕಿನಕ್ಕನದು.

“ಎಂಬತ್ತಮೂರು,” ಎಂದು ಓದಿದ ಮೇಷ್ಟ್ರು ಪೆನ್ಸಿಲಿನ ಗುರುತು ಕಂಡು ಕೆಮ್ಮಿದರು. “ಅದಕ್ಕೆ ನಾಲ್ಕು. ಎಂಬತ್ತೇಳಾಯ್ತು. ಬೇಜಾರಾಗ್ಬೇಡಿ ಅಕ್ಕ, ನೀವು ಕೆಳಗೆ ಮರಳಲ್ಲಿ ನಿಂತು ಎಲ್ಲರ ಫೋಟೋ ತೆಗೀರಿ. ಅದೂ ದೊಡ್ಡ ಕೆಲಸವೇ.”

ಸಾಹೇಬರಿಗೆ ಕೂತ ಕುರ್ಚಿಯೇ ಕುಸಿದಂತಾಯಿತು. ಎಂಬತ್ತಮೂರು ಎಂದರೆ ಅಪ್ಪಟ ನಿಜ. ಅವಳು ನಿಜವನ್ನೇ ಬರೆದಿದ್ದಾಳೆ. ನಿಜಕ್ಕೆ ನಾಲ್ಕು ಕಿಲೋ ಸೇರಿಸಿ ಸುಳ್ಳು ಮಾಡಿದ್ದು ತಾವೇ.

ಮೈಕಿನಕ್ಕ ಅಳಲಿಲ್ಲ. ಹಾರಲೆಂದೇ ಕೊಂಡು ಹಾಕಿಕೊಂಡು ಬಂದಿದ್ದ ಹೊಸ ಬೂಟುಗಳನ್ನು ಒಮ್ಮೆ ನೋಡಿಕೊಂಡಳು. ಆಮೇಲೆ ಬಸ್ಸು ತಡವಾದ ದಿನದ ಶಾಂತ ದನಿಯಲ್ಲಿ ಕೇಳಿದಳು, “ಈ ನಾಲ್ಕು ಎಲ್ಲಿಂದ ಬಂತು ಮೇಷ್ಟ್ರೇ?”

ಮೇಷ್ಟ್ರು ಸೂರು ನೋಡಿದರು. ಬಾಯಿ ಮುಚ್ಚಿಕೊಂಡಿದ್ದರೆ ಸಾಹೇಬರ ಮಾನ ಉಳಿಯುತ್ತಿತ್ತು, ಅವಳ ಪ್ರಯಾಣ ಹೋಗುತ್ತಿತ್ತು. ಎದುರಿಗೇ ಅಂಗಡಿಯವನು ಬೇರೆ. ಸಾಹೇಬರು ಮನಸ್ಸಿನಲ್ಲೇ ದೇವರನ್ನು ನೆನೆದು ಎದ್ದು ನಿಂತರು. ಸ್ಪ್ರಿಂಗಿನಿಂದ ಹಿಡಿದು ಶೆಡ್ಡಿನವರೆಗೆ ಒಂದನ್ನೂ ಬಿಡದೆ ಹೇಳಿದರು. ತಪ್ಪು ನನ್ನದು, ಅವಳ ಎಂಬತ್ತಮೂರು ಸತ್ಯ, ಅವಳನ್ನು ಹಾರಿಸಿ ಎಂದು ಮುಗಿಸಿದರು.

ಅಂಗಡಿಯವನು ಮೀಸೆಯಡಿ ನಗುತ್ತ, “ಸಾಹೇಬ್ರೇ, ನಂದು ಐವತ್ತು ಗ್ರಾಂಗೆ ಎಂಟು ದಿನ. ನಿಮ್ದು ನಾಲ್ಕು ಕಿಲೋ. ಲೆಕ್ಕ ನೀವೇ ಹಾಕಿ,” ಎಂದ.

ಸಾಹೇಬರು ಹೆಂಡತಿಯ ಕಡೆ ತಿರುಗಿದರು. “ನಿಂಗೆ ಯಾವಾಗ ಗೊತ್ತಾಯ್ತು?”

“ನೀವು ಮಾಡಿದ ವಾರವೇ,” ಎಂದಳು ಅವಳು. “ನಿಲ್ದಾಣದಲ್ಲಿ ಪಾರ್ಸಲ್ ತೂಗೋ ಯಂತ್ರ ಇದೆಯಲ್ಲ, ವರ್ಷಾ ವರ್ಷಾ ನೀವೇ ಮುದ್ರೆ ಹಾಕ್ತೀರಲ್ಲ. ಸೋಮವಾರ ಸೋಮವಾರ ಅದರ ಮೇಲೆ ನಿಂತ್ಕೋತೀನಿ.”

“ಮತ್ತೆ ಹದಿನೆಂಟು ವರ್ಷ ಯಾಕೆ ಹೇಳಲಿಲ್ಲ?”

“ನನ್ನ ಸಂತೋಷಕ್ಕೆ ಅಂತ ಇಷ್ಟು ಕಷ್ಟಪಟ್ಟು ಒಬ್ರು ಪಾಪ ಮಾಡಿದ್ದಾರೆ. ಅದನ್ನ ಕೆಡಿಸೋಕೆ ಮನಸ್ಸು ಬರಲಿಲ್ಲ.”

ಅಂಗಡಿಯವನು ಕೆಳಗಿಳಿದು ಮೂಟೆ ತೂಗುವ ಯಂತ್ರವನ್ನು ಹೊತ್ತು ತಂದ. ಅದರ ಕೊರಳಲ್ಲಿ ಸಾಹೇಬರ ಸೀಸದ ಮುದ್ರೆ ತೂಗಾಡುತ್ತಿತ್ತು. ಮೈಕಿನಕ್ಕ ಬೂಟು ಕಳಚಿ ಹತ್ತಿದಳು. ಎಂಬತ್ತಮೂರು, ಕೂದಲೆಳೆಯಷ್ಟೂ ಹೆಚ್ಚಿಲ್ಲ. ಮೇಷ್ಟ್ರು ಪೆನ್ಸಿಲಿನ ನಾಲ್ಕನ್ನು ರಬ್ಬರಿನಿಂದ ಉಜ್ಜಿ, ಅವಳ ಹೆಸರನ್ನು ಹಾರುವವರ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ ಬರೆದರು. ಸಾಹೇಬರಿಗೆ ಹದಿನೆಂಟು ವರ್ಷದ ಮೂಟೆ ಹೆಗಲಿನಿಂದ ಇಳಿದಂತಾಗಿ ಕಣ್ಣು ತುಂಬಿಬಂತು.

ಅಷ್ಟರಲ್ಲಿ ಮೇಷ್ಟ್ರು ಸಂಕೋಚದಿಂದ ಕೇಳಿದರು, “ಸಾರ್, ನೀವು ಬರೆದ ಎಂಬತ್ತೆರಡು ಯಾವ ಯಂತ್ರದ್ದು?”

ಹೆಂಡತಿಯ ನಾಲ್ಕು ಕಿಲೋ ಕಾಯುವ ಗಡಿಬಿಡಿಯಲ್ಲಿ, ಬಚ್ಚಲಿನ ಅದೇ ಯಂತ್ರದ ಮೇಲೆ ತಾವೂ ದಿನಾ ನಿಂತು ಬೀಗುತ್ತಿದ್ದುದು ಸಾಹೇಬರಿಗೆ ಒಮ್ಮೆಯೂ ಹೊಳೆದಿರಲಿಲ್ಲ. ಅಂಗಡಿಯವನು ಯಂತ್ರದ ತಟ್ಟೆಯನ್ನು ಟವೆಲ್ಲಿನಿಂದ ಒರೆಸಿ, ಬಹಳ ಮರ್ಯಾದೆಯಿಂದ, “ಹತ್ತಿ ಸಾಹೇಬ್ರೇ,” ಎಂದ.

ಎಂಬತ್ತಾರು.

ಫೋಟೋ ತೆಗೆಯುವವರ ಪಟ್ಟಿಯಲ್ಲಿ ಒಂದೇ ಹೆಸರು ಉಳಿಯಿತು. ಹೊರಡುವುದರೊಳಗೆ ಇಳಿಸಿಕೊಂಡರೆ ನೋಡೋಣ ಎಂದು ಮೇಷ್ಟ್ರು ಸಮಾಧಾನ ಹೇಳಿದರು.

ಮರುದಿನ ಬೆಳಿಗ್ಗೆ ಸಾಹೇಬರು ಎಂದಿನಂತೆ ಕೈಮುಗಿದು ನಿಂತರು. ಒಪ್ಪಿಸಲು ಏನೂ ಇರಲಿಲ್ಲ. ನೇರ ಬಚ್ಚಲಿಗೆ ಬಂದು, ಯಂತ್ರವನ್ನು ಬೋರಲು ಹಾಕಿ ಸ್ಪ್ರಿಂಗು ಸಡಿಲಿಸಿ, ಹಿತ್ತಾಳೆಯ ಬಟ್ಟುಗಳಿಟ್ಟು ಮೂರು ಸಲ ಪರೀಕ್ಷಿಸಿ, ಸೀಸದ ಮುದ್ರೆ ಒತ್ತಿದರು. ಅದರ ಮೇಲೆ ಹತ್ತಿ ನಿಂತು ಮುಳ್ಳನ್ನು ನೋಡುತ್ತಿರುವಾಗ ಬಾಗಿಲ ಹೊರಗಿನಿಂದ, ಮೈಕಿಲ್ಲದಿದ್ದರೂ ಬೀದಿಗೆಲ್ಲ ಕೇಳುವ ದನಿ ಬಂತು:

“ಪ್ರಯಾಣಿಕರ ಗಮನಕ್ಕೆ. ಆಕಾಶಕ್ಕೆ ಹೋಗುವ ಗಾಡಿ ಇನ್ನು ನಲವತ್ತು ದಿನಕ್ಕೆ ಹೊರಡಲಿದೆ. ಒಂದು ಕಿಲೋ ಹೆಚ್ಚಿಗೆ ಇರುವ ಪ್ರಯಾಣಿಕರು ಈ ಕೂಡಲೇ ಬಚ್ಚಲಿನಿಂದ ಹೊರಬಂದು ನಡೆಯಲು ಶುರುಮಾಡಬೇಕಾಗಿ ವಿನಂತಿ.”

ಸಾಹೇಬರು ಹೊರಬಂದು ಚಪ್ಪಲಿ ಮೆಟ್ಟಿದರು. ಅವಳು ಆಗಲೇ ಹೊಸ ಬೂಟು ಹಾಕಿಕೊಂಡು ಗೇಟಿನ ಬಳಿ ಕಾಯುತ್ತಿದ್ದಳು.