ಹೊಸ ಹಲ್ಲಿಗೆ ಹೊಗೆಯ ಪಕ್ಕೆಲುಬು

ಸೊಸೆಯ ಕೆಲಸ ಹಲ್ಲಿನ ಸೆಟ್ಟು ಮಾಡುವುದು. ದಂತವೈದ್ಯರು ಕಳಿಸಿದ ಅಚ್ಚು ನೋಡಿಕೊಂಡು, ಮುಖವನ್ನೇ ಕಾಣದವರ ಬಾಯಿಗೆ ಹಲ್ಲು ಜೋಡಿಸಿ, ಉಜ್ಜಿ, ಹೊಳಪು ಕೊಟ್ಟು ಕಳಿಸುತ್ತಿದ್ದಳು. ತಾನು ಮಾಡಿದ ಹಲ್ಲು ಅಗಿಯುವುದನ್ನು ಅವಳು ಕಣ್ಣಾರೆ ಕಂಡಿರಲೇ ಇಲ್ಲ. ಹಾಗಾಗಿ ಅತ್ತೆಗೆ ಸೆಟ್ಟು ಮಾಡಿಕೊಟ್ಟ ಮೇಲೆ ಊಟದ ಹೊತ್ತಿಗೆ ಅವರ ಬಾಯಿಯನ್ನೇ ನೋಡುತ್ತ ಕೂರುತ್ತಿದ್ದಳು. ಅತ್ತೆಯೋ ಗಂಜಿ ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ. ಹಲ್ಲು ಎಲ್ಲಿ ಕೈಕೊಡುತ್ತದೋ ಎಂಬ ಭಯ. ನಗು ಬಂದರೂ ಬಾಯಿಗೆ ಕೈ ಅಡ್ಡ.

ಒಂದು ಭಾನುವಾರ ಮಗ ಬಸ್ಸಿನ ಡ್ಯೂಟಿಗೆ ಹೋದ ಮೇಲೆ, ನಿಮಗೆ ನಿಜವಾಗಿ ಏನು ತಿನ್ನೋ ಆಸೆ ಎಂದು ಸೊಸೆ ಪಟ್ಟು ಹಿಡಿದು ಕೇಳಿದಳು. ಅತ್ತೆ ಅತ್ತಿತ್ತ ನೋಡಿದರು.

"ಹೊಗೆಯಲ್ಲಿ ಬೇಯಿಸಿದ ಪಕ್ಕೆಲುಬು. ಮೂಳೆ ಕೈಯಲ್ಲಿ ಹಿಡ್ಕೊಂಡು ಕಚ್ಚಿ ಎಳೀಬೇಕು, ಹಾಗೆ."

ಸೊಸೆಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆದರೆ ಮನೆ ಇದ್ದದ್ದು ಮೂರನೇ ಮಹಡಿಯಲ್ಲಿ. ಅಂಗಳವಿಲ್ಲ, ಹೊಗೆ ಹಾಕುವ ಒಲೆಯಿಲ್ಲ, ಬಾಲ್ಕನಿಯಲ್ಲಿ ಕೆಂಡ ಹೊತ್ತಿಸಿದರೆ ಕಟ್ಟಡದವರು ಸುಮ್ಮನಿರುವುದಿಲ್ಲ. ಓವನ್ ಏನೋ ಇತ್ತು, ಹೊಗೆಗೆಲ್ಲಿ ಹೋಗುವುದು? ಚಹಾಪುಡಿ ಸೀದರೂ ಹೊಗೆ ಬರುತ್ತದಲ್ಲ ಎಂದು ಅತ್ತೆಯೇ ದಾರಿ ತೋರಿಸಿದರು.

ಅಂಗಡಿಯಿಂದ ಹಂದಿಯ ಪಕ್ಕೆಲುಬು ಬಿಡಿಬಿಡಿಯಾಗಿ ಕಡಿಯದೆ, ಸಾಲಿಗೆ ಸಾಲೇ ಒಂದು ಹಲಗೆಯ ಹಾಗೆ ಬಂತು. ಸೊಸೆ ಹಿಂಬದಿಯ ತೆಳು ಪೊರೆಯನ್ನು ಒಂದೇ ಎಳೆತಕ್ಕೆ ಕಿತ್ತು, ಉಪ್ಪು, ಸಕ್ಕರೆ, ಮೆಣಸು, ಖಾರದಪುಡಿ ತಿಕ್ಕಿದಳು. ಹಳೇ ಬಾಣಲೆಗೆ ಫಾಯಿಲ್ ಹಾಸಿ, ಚಹಾಪುಡಿ, ಸಕ್ಕರೆ, ಒಂದು ಹಿಡಿ ಅಕ್ಕಿ ಹಾಕಿ, ಮೇಲೆ ಜಾಲರಿಯಿಟ್ಟು, ಎರಡು ತುಂಡು ಮಾಡಿದ ಹಲಗೆಯನ್ನು ಅದರ ಮೇಲೆ ಮಲಗಿಸಿ ಮುಚ್ಚಿ, ಗ್ಯಾಸ್ ಹೊತ್ತಿಸಿದಳು. ಅಂಚಿನಿಂದ ಹಳದಿ ಹೊಗೆ ನುಗ್ಗಿತು. ಅತ್ತೆ ಕಿಟಕಿಯ ಹತ್ತಿರ ನಿಂತು ಪೇಪರಿನಿಂದ ಬೀಸಿದ್ದೇ ಬೀಸಿದ್ದು. ಕೆಮ್ಮು, ನಗು ಎರಡೂ ಒಟ್ಟಿಗೇ ಬಂದು ಇಬ್ಬರೂ ಸಿಂಕ್ ಹಿಡಿದುಕೊಂಡು ನಿಂತರು.

ಆಮೇಲೆ ಫಾಯಿಲಿನಲ್ಲಿ ಬಿಗಿಯಾಗಿ ಸುತ್ತಿ ಓವನ್ನಿನ ಸಣ್ಣ ಕಾವಿಗೆ ಬಿಟ್ಟರು. ಮಧ್ಯಾಹ್ನವಿಡೀ ಹೆರಿಗೆ ಕೋಣೆಯ ಮುಂದೆ ಕೂತವರ ಹಾಗೆ ಅಡುಗೆಮನೆಯಲ್ಲೇ ಕಾದರು. ಮಾಂಸ ಮೂಳೆಯಿಂದ ಹಿಂದೆ ಸರಿದಾಗ ಫಾಯಿಲ್ ಬಿಚ್ಚಿ, ಟೊಮೆಟೊ ಸಾಸು, ವಿನೆಗರ್, ಸಾಸಿವೆ ಕಲಸಿದ ರಸ ಬಳಿದು, ಕಾವು ಏರಿಸಿದರು. ಅಷ್ಟರಲ್ಲಿ ಬೆಲ್ಲು.

ಬಾಗಿಲಲ್ಲಿ ಮೇಲಿನ ಮನೆಯ ಗಡಿಯಾರ ರಿಪೇರಿಯವರು. ಒಗೆದು ಹಾಕಿದ ಅಂಗಿಯೆಲ್ಲ ಹೊಗೆ ಹೊಡೆಯುತ್ತಿದೆ ಎಂದು ಜಗಳಕ್ಕೇ ಬಂದಿದ್ದರು. ಮಾತು ಅರ್ಧದಲ್ಲಿರುವಾಗ ಮೂಗು ಅರಳಿತು. ಅಂಗಿಯ ವಿಷಯ ಅಲ್ಲೇ ಬಿಟ್ಟು, ಒಳಗೇನು ಬೇಯುತ್ತಿದೆ ಎಂದು ಕೇಳಿದರು. ಅತ್ತೆ ಇನ್ನೊಂದು ತಟ್ಟೆ ಇಟ್ಟರು.

ಅತ್ತೆಯ ಮೊದಲ ಕಡಿತ ಅಳುಕಿನದು. ಎರಡನೆಯದು ದೊಡ್ಡದು. ಸೊಸೆಗೆ ತನ್ನ ತಟ್ಟೆಯ ನೆನಪೇ ಇಲ್ಲ. ಮೂರನೆಯದಕ್ಕೆ ಅತ್ತೆ ಕಣ್ಣು ಮುಚ್ಚಿ, ಕಚ್ಚಿ, ಜೋರಾಗಿ ಎಳೆದರು. ಕೈಗೆ ಮೂಳೆ ಬಂತು, ಮೂಳೆಯ ಜೊತೆ ಮೇಲಿನ ಸೆಟ್ಟೂ ಬಂತು. ಸಾಸು ಮೆತ್ತಿಕೊಂಡು, ಮಾಂಸಕ್ಕೆ ಕಚ್ಚಿಕೊಂಡೇ ಕೂತಿತ್ತು.

ಸೊಸೆಯ ಮುಖ ಬಿಳಿಚಿಕೊಂಡಿತು. ಗಡಿಯಾರದವರು ಆ ಮೂಳೆಯನ್ನು ನೋಡಿದರು, ಅತ್ತೆಯ ಮುಖ ನೋಡಿದರು. ಆಮೇಲೆ ಕನ್ನಡಕ ತೆಗೆದಿಡುವಷ್ಟು ಸಲೀಸಾಗಿ ತಮ್ಮ ಮೇಲಿನ ಸೆಟ್ಟನ್ನೂ ತೆಗೆದು ತಟ್ಟೆಯ ಪಕ್ಕ ಇಟ್ಟರು.

"ನಂದೂ ಹೀಗೇನೇ," ಎಂದರು.

ಅತ್ತೆ ನಕ್ಕರು. ಕೈ ಅಡ್ಡ ಹಿಡಿಯುವುದನ್ನೂ ಮರೆತು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. "ನಿನ್ನ ಹಲ್ಲಿಂದೇನೂ ತಪ್ಪಿಲ್ಲಮ್ಮ," ಎಂದು ಸೊಸೆಯ ಕೈ ಹಿಡಿದರು, "ಆತುರ ನಂದೇ."

ಸೊಸೆ ನಗುತ್ತಲೇ ಸೆಟ್ಟು ತೊಳೆದುಕೊಟ್ಟು, ಮುಂದಿನ ಹಲ್ಲಿಂದ ಎಳೆಯಬೇಡಿ, ಪಕ್ಕದ ಹಲ್ಲಿಂದ ಕಚ್ಚಿ ಎಂದು ತೋರಿಸಿಕೊಟ್ಟಳು. ಈ ಸಲ ಹಲ್ಲು ಅಲುಗಲಿಲ್ಲ. ಮತ್ತೊಂದು ಮೂಳೆ ಬರಿದಾಯಿತು, ಮಗದೊಂದು. ಸೊಸೆ ಗಡಿಯಾರದವರ ಸೆಟ್ಟನ್ನು ಬೆಳಕಿಗೆ ಹಿಡಿದು, ಒಂದು ಕಡೆ ಎತ್ತರವಾಗಿದೆ, ನಿಮ್ಮ ಡಾಕ್ಟರಿಗೆ ಹೇಳಿ ನನ್ನ ಹತ್ತಿರ ಕಳಿಸಿಕೊಡಿ ಎಂದಳು. ಅವರು ಬೊಚ್ಚುಬಾಯಲ್ಲೇ ಆಗಲಿ ಎಂದರು.

ಸಂಜೆ ಮಗ ಬಂದಾಗ ಮೂವರೂ ಬೆರಳು ನೆಕ್ಕುತ್ತಿದ್ದರು. ಏನಾಯಿತು ಎಂದು ಕೇಳಿದ. ಅವನ ತಾಯಿ ಹೇಳಲು ಬಾಯಿ ತೆರೆದು ಬಿದ್ದು ಬಿದ್ದು ನಕ್ಕರು. ಹೆಂಡತಿಯನ್ನು ಕೇಳಿದ, ಅವಳಿಂದಲೂ ಆಗಲಿಲ್ಲ. ಗಡಿಯಾರದವರು ಮೇಜಿಗೆ ತಲೆ ಇಟ್ಟುಬಿಟ್ಟಿದ್ದರು. ಕೊನೆಗೆ ಅವನು ಕೈ ತೊಳೆದುಕೊಂಡು ಬಂದು, ಓವನ್ನಿನಲ್ಲಿ ಬೆಚ್ಚಗಿದ್ದ ತನ್ನ ಪಾಲು ತೆಗೆದುಕೊಂಡು, ಏನೂ ತಿಳಿಯದೆಯೇ ನಗುತ್ತ ತಿನ್ನಲು ಕೂತ.